ಎರಡನೇ ಶನಿವಾರದ ಮೆಷಿನ್

"ಸುಪ್ರಜಾ ಅಂದ್ರೆ ನೀವೇನಾ?"

ಕೈಯಲ್ಲಿ ಹೆಲ್ಮೆಟ್, ಹಣೆಯ ಮೇಲೆ ಬೆವರು. ಬಾಗಿಲಲ್ಲಿ ನಿಂತವನ ದನಿ ಕೇಳಿ ಸುಪ್ರಜಾ ಕುರ್ಚಿಯಿಂದ ಅರ್ಧ ಎದ್ದಳು.

"ಹೌದು. ನೀವು?"

"ಅಭಿನಂದನ್, ಎಲೆಕ್ಟ್ರಾನಿಕ್ಸ್ ವಿಭಾಗದ ಮೇಷ್ಟ್ರು. ನನ್ನ ಮೆಷಿನ್ ಅಳಿಸಿ ಹಾಕಿದೀರಿ. ಅಲ್ಲಿ ಅಕ್ಕಿಪೇಟೆ ಶಾಲೇಲಿ ಅರವತ್ತು ಮಕ್ಕಳು ಕಾಯ್ತಾ ಕೂತಿದಾರೆ."

ಅವಳು ತಟ್ಟನೆ ಸ್ಕ್ರೀನಿನತ್ತ ತಿರುಗಿ ಪಟ್ಟಿ ತೆರೆದಳು.

ಬಸವನಗುಡಿಯ ಆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಕೆಲಸಕ್ಕೆ ಸುಪ್ರಜಾ ಸೇರಿ ಎರಡೇ ತಿಂಗಳಾಗಿತ್ತು. ಕಾಲೇಜಿಗೆ ತನ್ನದೇ ಕ್ಲೌಡ್ ಇತ್ತು. ಆರು ದೊಡ್ಡ ಸರ್ವರ್‌ಗಳು, ಅವುಗಳ ಒಳಗೆ ಮುನ್ನೂರು ವರ್ಚುವಲ್ ಮೆಷಿನ್‌ಗಳು. ಕೈಗೆ ಸಿಗದಿದ್ದರೂ ನಿಜವಾದ ಕಂಪ್ಯೂಟರಿನಂತೆಯೇ ಮೆಮೊರಿ, ಡಿಸ್ಕ್ ಎಲ್ಲ ಬೇಡುವ ಕಂಪ್ಯೂಟರುಗಳು. ಕೇಳಿದವರಿಗೆಲ್ಲ ಒಂದೊಂದು ಕೊಟ್ಟಿದ್ದರು. ಕೆಲಸ ಮುಗಿಯಿತೆಂದು ಹಿಂದಿರುಗಿಸಿದವರು ಮಾತ್ರ ಯಾರೂ ಇಲ್ಲ.

ಜಾಗ ಸಾಲದೆಂದು ಆಡಳಿತ ಮಂಡಳಿ ಲಕ್ಷಗಟ್ಟಲೆ ಸುರಿದು ಇನ್ನೆರಡು ಸರ್ವರ್ ಕೊಳ್ಳಲು ಹೊರಟಾಗ ಇವಳೇ ತಡೆದಿದ್ದಳು. ಅವಳು ತಂದ ನಿಯಮ ಸರಳ. ಮೂವತ್ತು ದಿನ ಯಾರೂ ಬಳಸದ ಮೆಷಿನ್ ಇದ್ದರೆ ಅದರ ಒಡೆಯರಿಗೆ ಮೂರು ಮೇಲ್. ಉತ್ತರ ಬಾರದಿದ್ದರೆ ಮೆಷಿನ್ ಬಂದ್. ಮತ್ತೆ ಹದಿನೈದು ದಿನ ನೋಡಿ ಅಳಿಸುವುದು.

"ಅಳಿಸಿಲ್ಲ, ನಿಲ್ಲಿಸಿದೀನಿ ಅಷ್ಟೆ," ಎಂದಳು. "ಮೂರು ಸಲ ಮೇಲ್ ಹಾಕಿದ್ದೆ. ದೀಪ್ತಿ ಅನ್ನೋ ಹೆಸರಿಗೆ."

ಆ ಹೆಸರು ಕೇಳುತ್ತಲೇ ಅವನ ದನಿ ತಗ್ಗಿತು. "ದೀಪ್ತಿ ಈಗ ಇಲ್ಲಿಲ್ಲ."

ತಿಂಗಳ ಎರಡನೇ ಶನಿವಾರ ಅವನು ಶಿಬಿರ ನಡೆಸಿ ಶಾಲಾಮಕ್ಕಳ ಕಿವಿ ಪರೀಕ್ಷೆ ಮಾಡಿಸುತ್ತಿದ್ದ. ಅದರ ಪ್ರೋಗ್ರಾಂ ಓಡುತ್ತಿದ್ದುದು ಈ ಮೆಷಿನ್ನಿನಲ್ಲೇ. ಕಳೆದ ತಿಂಗಳು ಶಾಲೆಯಲ್ಲಿ ಮಕ್ಕಳಿಗೆ ಪಾಠದ ಪರೀಕ್ಷೆಗಳಿದ್ದವೆಂದು ಶಿಬಿರ ನಡೆದಿರಲಿಲ್ಲ. ಹಾಗಾಗಿ ಮೆಷಿನ್ ಕೆಲಸವಿಲ್ಲದೆ ಬಿದ್ದಂತೆ ಕಂಡಿತ್ತು.

ಮತ್ತೆ ಶುರು ಮಾಡಲು ಹೋದರೆ ಮೆಮೊರಿಯೇ ಇಲ್ಲ. ಅದನ್ನು ಆಗಲೇ ಬೇರೆ ವಿಭಾಗಕ್ಕೆ ಕೊಟ್ಟಾಗಿತ್ತು! ಸುಪ್ರಜಾ ಒಂದು ಕ್ಷಣ ಯೋಚಿಸಿ ತನ್ನದೇ ಮೆಷಿನ್ ನಿಲ್ಲಿಸಿ ಜಾಗ ಮಾಡಿದಳು. ಹತ್ತು ನಿಮಿಷದಲ್ಲಿ ಅವನದು ಎದ್ದು ಕೂತಿತು.

ಅವನು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಹೋಗುವಾಗ, "ಪಟ್ಟಿ ನೋಡಿ ನಿಲ್ಲಿಸೋದು ಸುಲಭ. ಆ ಕಡೆ ಯಾರಿದಾರೆ ಅಂತಾನೂ ಒಂದ್ಸಲ ನೋಡಿ," ಎಂದ.

ಎಂಥ ಜಂಬ ಈ ಮನುಷ್ಯನಿಗೆ... ಎಂದುಕೊಂಡಳು. ಆದರೆ ಮಾತು ಚುಚ್ಚಿತ್ತು. ಅರ್ಧ ಗಂಟೆ ತಳಮಳಿಸಿ ಆಟೋ ಹತ್ತಿ ಅಕ್ಕಿಪೇಟೆಗೆ ಹೋದಳು.

ಶಾಲೆಯಲ್ಲಿ ಯಶಶ್ರೀ ಎಂಬ ಏಳು ವರ್ಷದ ಹುಡುಗಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಬಲಗಿವಿಗೆ ಸದ್ದು ಬಂದಾಗಲೆಲ್ಲ ಕೈ ಟಕ್ಕನೆ ಮೇಲೇಳುತ್ತಿತ್ತು. ಎಡಗಿವಿಯ ಸರದಿಯಲ್ಲಿ ಕೈ ತೊಡೆಯ ಮೇಲೇ ಉಳಿಯಿತು. ಹೇಳಿದ್ದು ಕೇಳುವುದಿಲ್ಲವೆಂದು ಗದರಿಸಿ ಅವಳನ್ನು ಕೊನೆಯ ಬೆಂಚಿಗೆ ಕಳಿಸಿದ್ದ ಟೀಚರ್ ಕಣ್ಣಲ್ಲಿ ನೀರಾಡಿತು. ಸೋಮವಾರದಿಂದ ಮೊದಲ ಬೆಂಚು ಎಂದು ಹುಡುಗಿಯ ತಲೆ ನೇವರಿಸಿದರು.

ನನ್ನ ಪಟ್ಟಿಯಲ್ಲಿ ಈ ಮಗು ಎಲ್ಲಿತ್ತು? ಎಂದು ಸುಪ್ರಜಾಳ ಮನಸ್ಸು ಕೇಳಿತು.

ಅವಳನ್ನು ಕಂಡ ಅಭಿನಂದನ್ ತಡವರಿಸುತ್ತ ಬಂದು ಬೆಳಗಿನ ಮಾತಿಗೆ ಕ್ಷಮೆ ಕೇಳಿದ. ಅಷ್ಟರಲ್ಲಿ ಅವಳಿಗೊಂದು ಉಪಾಯ ಹೊಳೆದಿತ್ತು. ಶಿಬಿರದ ಹಿಂದಿನ ಸಂಜೆ ಮೆಷಿನ್ ತಾನಾಗಿ ಏಳಲಿ, ಭಾನುವಾರ ಮಲಗಲಿ. ಉಳಿದ ದಿನ ಅದರ ಜಾಗ ಬೇರೆಯವರಿಗಾಗಲಿ ಎಂದಳು. ಅವನು ಮೊದಲ ಸಲ ನಕ್ಕ. ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂಬುದನ್ನು ಅವಳು ಬೇಡವೆಂದರೂ ಗಮನಿಸಿದಳು!

ಪಟ್ಟಿಯ ಒಂದೊಂದು ಮೆಷಿನ್ ಯಾರದು, ಯಾಕೆ ಬೇಕು ಎಂದು ವಿಚಾರಿಸಲು ಸೋಮವಾರದಿಂದ ಪಾಠ ಮುಗಿಸಿ ಅವನೂ ಅವಳ ಜೊತೆ ವಿಭಾಗ ವಿಭಾಗ ಸುತ್ತಿದ. ಐದು ವರ್ಷದ ಹಿಂದಿನ ವಸ್ತುಪ್ರದರ್ಶನಕ್ಕೆ ಮಾಡಿದ ಮೆಷಿನ್ ಇನ್ನೂ ಓಡುತ್ತಿತ್ತು. ಯಾರದೆಂದೇ ತಿಳಿಯದ ಒಂದರ ಜಾಡು ಹಿಡಿದು ವಾರವಿಡೀ ಹೋದರೆ ಕೊನೆಗೆ ಅದು ಅಭಿನಂದನನದೇ! ಮಾಡಿ ಮರೆತಿದ್ದನಂತೆ. ಗಾಂಧಿ ಬಜಾರಿನಲ್ಲಿ ಬೈಟೂ ಕಾಫಿ ಕುಡಿಯುತ್ತ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾಲ್ಕು ತಿಂಗಳಲ್ಲಿ ಮುನ್ನೂರು ಮೆಷಿನ್ ನೂರನಲವತ್ತಾದವು. ಹೊಸ ಸರ್ವರ್ ಬೇಕಾಗಲಿಲ್ಲ.

ಒಡೆಯರ ಹೆಸರುಗಳನ್ನು ಹೊಸದಾಗಿ ದಾಖಲಿಸುವಾಗ ಅವಳು ಕೇಳಿದಳು, "ದೀಪ್ತಿ ಹೆಸರು ತೆಗೆದು ನಿಮ್ದು ಹಾಕ್ಲಾ?"

"ನನ್ನದೂ ಸೇರಿಸಿ. ಅವಳ ಹೆಸರು ಮಾತ್ರ ತೆಗೀಬೇಡಿ."

ಅವನ ಮುಖದಲ್ಲಿ ಎಂಥದೋ ಅಕ್ಕರೆ... ಸುಪ್ರಜಾ ಸ್ಕ್ರೀನಿನತ್ತ ತಿರುಗಿ ದೀಪ್ತಿಯ ಹೆಸರಿನ ಕೆಳಗೆ ಅವನ ಹೆಸರು ಸೇರಿಸಿದಳು. ಬಿಟ್ಟುಹೋದವಳನ್ನು ಇವರಿನ್ನೂ ಮರೆತಿಲ್ಲ. ನಾನೇ ಏನೇನೋ ಅಂದುಕೊಂಡೆ.

ಮರುದಿನದಿಂದ ಕಾಫಿಗೆ ಕರೆದರೆ ಕೆಲಸವಿದೆ ಎಂದಳು. ಅವನು ಎರಡು ಸಲ ಬಾಗಿಲವರೆಗೆ ಬಂದ. ಅವಳು ಸ್ಕ್ರೀನಿನಿಂದ ಕಣ್ಣೆತ್ತಲಿಲ್ಲ. ಮೂರು ವಾರ ಹೀಗೇ ಕಳೆಯಿತು.

ಮುಂದಿನ ಶಿಬಿರಕ್ಕೆ ಮುಖ್ಯೋಪಾಧ್ಯಾಯಿನಿಯೇ ಫೋನ್ ಮಾಡಿ ಕರೆದಿದ್ದರಿಂದ ಹೋಗಲೇಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಕೈಗೂಸನ್ನು ಎತ್ತಿಕೊಂಡು ಒಬ್ಬ ಹುಡುಗಿ ಗಂಡನೊಡನೆ ಬಂದಳು.

"ಸರ್, ನನ್ನ ಹೆಸರು ಇನ್ನೂ ಇಟ್ಕೊಂಡಿದೀರಂತೆ?"

"ಈ ಪ್ರೋಗ್ರಾಂ ಬರೆದೋಳು ನೀನು ದೀಪ್ತಿ. ತೆಗೆಯೋಕೆ ನಾನ್ಯಾರಮ್ಮ?"

ಅವನ ಹಳೆಯ ವಿದ್ಯಾರ್ಥಿನಿ! ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದನ್ನು ಬರೆದು, ಮದುವೆಯಾಗಿ ಮೈಸೂರಿಗೆ ಹೋದವಳು. ಸುಪ್ರಜಾಳ ಕಿವಿ ಬಿಸಿಯಾಯಿತು. ದೀಪ್ತಿ ಮಗುವನ್ನು ಅವಳ ತೋಳಿಗಿತ್ತಾಗ ಅದರ ಹೊಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು.

ಶಿಬಿರ ಮುಗಿದು ಚಾಮರಾಜಪೇಟೆಯ ಕಡೆ ಇಬ್ಬರೂ ನಡೆಯುತ್ತಿದ್ದಾಗ, ಮೂರು ವಾರ ಯಾಕೆ ಮಾತು ಬಿಟ್ಟಿದ್ದೆಂದು ಅಭಿನಂದನ್ ಕೇಳಿದ. ಅವಳು ಏನನ್ನೂ ಮುಚ್ಚಿಡದೆ ಹೇಳಿದಳು. ಅವನು ನಗಲಿಲ್ಲ.

"ನನ್ನನ್ನೇ ಕೇಳಬಹುದಿತ್ತಲ್ಲ?"

"ಕೇಳಿದ್ರೆ ಹೌದು ಅಂದ್ಬಿಡ್ತೀರೇನೋ ಅಂತ ಭಯ ಆಯ್ತು."

ಅವನ ಹೆಜ್ಜೆ ನಿಂತಿತು.

"ನಾನು ವಿಭಾಗ ವಿಭಾಗ ಸುತ್ತಿದ್ದು ಮೆಷಿನ್ ಹುಡುಕೋಕಲ್ಲ ಸುಪ್ರಜಾ. ನಿಮ್ಮ ಜೊತೆ ನಡೆಯೋದು ನಂಗಿಷ್ಟ. ಮನೇಲೂ ಹೇಳಿದೀನಿ. ಅಪ್ಪ, ಮೊದಲು ಆ ಹುಡುಗೀನ ಕೇಳೋ ಅಂದ್ರು."

"ಹಾಗಾದ್ರೆ ಕೇಳಿ."

"ನನ್ನ ಮದ್ವೆ ಆಗ್ತೀರಾ?"

ಅವಳು ತಲೆ ತಗ್ಗಿಸಿ ನಕ್ಕಳು. "ಮದುವೆ ಆಗೋಳನ್ನ ಯಾರಾದ್ರೂ ಬಹುವಚನದಲ್ಲಿ ಕೇಳ್ತಾರಾ?"

ಅವನು ಹಿಂದೆ ಮುಂದೆ ನೋಡಿದ. ದನಿ ಸಣ್ಣಗಾಯಿತು. "ಆಗ್ತೀಯಾ?"

"ಆಗ್ತೀನಿ," ಎಂದು ಸುಪ್ರಜಾ ಅವನ ತೋಳು ಹಿಡಿದಳು. "ಈಗ ನಡಿ, ಹೊಟ್ಟೆ ಹಸೀತಿದೆ ನಂಗೆ."