ಸೈರನ್ ಬೇಡ ಎಂದವಳು

ಕೊಲೆಟ್ ಸೈರನ್ ಹಾಕಿದಳು. ಪಕ್ಕದಲ್ಲಿದ್ದ ವೆಂಡೆಲ್ ಕೈ ಚಾಚಿ ಆರಿಸಿದ.

ಅಮೆರಿಕದ ಟೊಲೀಡೊ ನಗರದ ಆ ಆಂಬುಲೆನ್ಸಿನಲ್ಲಿ ಎರಡು ವರ್ಷದಿಂದ ಇದೇ ಜಗಳ. ಸೈರನ್ನಿನಿಂದ ಉಳಿಯುವುದು ಒಂದೆರಡು ನಿಮಿಷ, ಅಷ್ಟರಲ್ಲೇ ಪ್ರಾಣ ಹೋಗುವಂತಿದ್ದರೆ ಮಾತ್ರ ಹಾಕು ಎನ್ನುವವನು ಅವನು. ತಡವಾಗಿ ಹೋಗಿ ಹೆಣ ಎತ್ತುವುದಕ್ಕಿಂತ ಊರು ಕಿವುಡಾದರೂ ಸರಿ ಎನ್ನುವವಳು ಅವಳು. ವಾದಿಸುವಾಗ ಅವನ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಅದನ್ನು ನೋಡಲೆಂದೇ ಅವಳು ಅರ್ಧ ಜಗಳ ತೆಗೆಯುತ್ತಿದ್ದಳು.

ಆ ಮಂಗಳವಾರ ಮಧ್ಯಾಹ್ನದ ಕರೆ ಅಣ್ಣತಮ್ಮಂದಿರ ಹೊಡೆದಾಟದ್ದು. ತಮ್ಮನ ತಲೆ ಒಡೆದಿದೆ, ಅಣ್ಣ ಪರಾರಿ ಎಂದಿದ್ದರು. ಇಂಥ ಮನೆಗೆ ಸದ್ದಿಲ್ಲದೆ ಹೋಗಬೇಕೆಂದು ವೆಂಡೆಲ್ ಬೇಡಿಕೊಂಡ. ಕೊನೆಯ ಬೀದಿಯಲ್ಲಿ ಅವಳು ಹಟಕ್ಕೆ ಮತ್ತೆ ಸೈರನ್ ಹಾಕಿದಳು.

ಅಣ್ಣ ಎಲ್ಲಿಗೂ ಓಡಿರಲಿಲ್ಲ. ಸದ್ದು ಕೇಳಿ, ಪೊಲೀಸರೇ ಬಂದರೆಂದು ಹುಚ್ಚೆದ್ದು, ಚಾಕು ಹಿಡಿದು ಹೊರಬಂದು, ಗಾಡಿ ಇಳಿದ ಕೊಲೆಟ್ ಮೇಲೆ ನುಗ್ಗಿದ. ವೆಂಡೆಲ್ ಅಡ್ಡ ಬಂದ. ಚಾಕು ಅವನ ತೊಡೆಸಂದಿಗೆ ಇಳಿಯಿತು.

ಕೊಲೆಟ್ ಕೈಲಿದ್ದ ಆಕ್ಸಿಜನ್ ಸಿಲಿಂಡರ್ ಎತ್ತಿ ಆ ಗಂಡಸಿನ ಬಾಯಿಗೆ ಬೀಸಿದಳು. ಹಲ್ಲುಗಳು ಹಿಮದ ಮೇಲೆ ಉದುರಿದವು. ಇಂಥ ಕರೆಗೆ ಆಂಬುಲೆನ್ಸಿನ ಹಿಂದೆಯೇ ಬರುವ ಅಗ್ನಿಶಾಮಕದವರು ಅವನನ್ನು ನೆಲಕ್ಕೆ ಕೆಡವಿದರು. ಅವರಲ್ಲೊಬ್ಬ, ಬಕ್ಲಿ, ತಲೆ ಒಡೆದ ತಮ್ಮನನ್ನು ಉಳಿದವರಿಗೆ ಒಪ್ಪಿಸಿ ಆಂಬುಲೆನ್ಸ್ ಓಡಿಸಲು ಹತ್ತಿದ.

ಕಾಲಿಗಾಗಿದ್ದರೆ ಪಟ್ಟಿ ಬಿಗಿಯಬಹುದಿತ್ತು. ಸಂದಿಗೆ ಏನು ಬಿಗಿಯುವುದು? ಅವಳು ಮುಷ್ಟಿಯಿಟ್ಟು, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದಳು. ಬಕ್ಲಿ ಸೈರನ್ ಕೂಗಿಸುತ್ತಾ ಹುಚ್ಚನಂತೆ ಗಾಡಿ ಓಡಿಸುತ್ತಿದ್ದ. ತಿರುವು ಬಂದಾಗಲೆಲ್ಲ ಮುಷ್ಟಿ ಜಾರಿ, ಬಿಸಿ ರಕ್ತ ಅವಳ ಮುಖಕ್ಕೆ ಚಿಮ್ಮುತ್ತಿತ್ತು.

"ಸೈರನ್ ಆರಿಸೋ. ನಿಧಾನಕ್ಕೆ ಹೋಗು."

"ಸಾಯ್ತಾನೆ ಕಣೇ ಅವನು."

"ನೀನು ಹಿಂಗೆ ಓಡಿಸಿದ್ರೇ ಸಾಯೋದು. ಕೈ ನಿಲ್ತಿಲ್ಲ ನಂಗೆ. ರೋಗಿ ಹತ್ರ ಕೂತಿರೋಳು ನಾನು, ನಾನು ಹೇಳಿದ್ದೇ ಆಗ್ಬೇಕು."

ಸದ್ದು ನಿಂತಿತು. ಗಾಡಿ ಮೆಲ್ಲಗೆ ಉರುಳತೊಡಗಿತು. ಮುಷ್ಟಿಯ ಕೆಳಗೆ ರಕ್ತವೂ ನಿಂತಿತು.

ವೆಂಡೆಲ್ ಕಣ್ಣು ತೆರೆದ. ರಕ್ತ ಮೆತ್ತಿದ ಅವಳ ರೆಪ್ಪೆಗಳನ್ನೇ, ಮೊದಲ ಸಲ ಕಂಡವನಂತೆ, ನೋಡುತ್ತಾ ಮಲಗಿದ.

"ನನ್ನಿಂದಲೇ ಆಯ್ತು ಇದು," ಎಂದಳು.

"ಹೌದು."

"ಬೈಯೋ. ಮಾತಾಡ್ತಾ ಇರು, ಸಾಕು."

"ಬೈಯೋಕೆ ಶಕ್ತಿ ಇಲ್ಲ. ನನ್ನ ಮದುವೆ ಆಗ್ತೀಯಾ?"

ಅವಳಿಗೆ ಸಿಟ್ಟೇ ಬಂತು. ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವನಿಗೆ ಇದೇ ಹೊತ್ತು ಬೇಕಿತ್ತೇ? ಉತ್ತರ ಹುಡುಕುವಷ್ಟರಲ್ಲಿ ಅವನ ರೆಪ್ಪೆ ಮುಚ್ಚಿತು.

ಆಪರೇಷನ್ ಟೇಬಲ್ಲಿನವರೆಗೂ ಅವಳು ಕೈ ತೆಗೆಯಲಿಲ್ಲ. ಸರ್ಜನ್ ರಕ್ತನಾಳ ಹಿಡಿದ ಮೇಲೆ, ಮರಗಟ್ಟಿದ್ದ ಅವಳ ಬೆರಳುಗಳನ್ನು ನರ್ಸ್ ಒಂದೊಂದಾಗಿ ಬಿಡಿಸಬೇಕಾಯಿತು. ತನ್ನನ್ನು ಹೊರಗೆ ತಳ್ಳುವ ಮೊದಲು ಅವಳು ಅವನ ಕಿವಿಗೆ ಬಗ್ಗಿದಳು.

"ಆಗ್ತೀನಿ ಕಣೋ. ಕೇಳಿಸ್ಲಿಲ್ಲ ಅಂದ್ರೆ, ಎದ್ದ ಮೇಲೆ ಮತ್ತೆ ಹೇಳ್ತೀನಿ."

ಗುರುವಾರ ಅವಳು ಮತ್ತೆ ಹೇಳಬೇಕಾಯಿತು.