ಗೋಡೆಗೆ ಕಣ್ಣಿಟ್ಟವನು

“ಗಂಡನ ಹೆಜ್ಜೆ ಸದ್ದು ಕೇಳಿದ್ರೆ ಮೈ ನಡುಗುತ್ತೆ, ಅಲ್ವಾ?”

ತಟ್ಟೆಯಿಂದ ತಲೆಯೆತ್ತದೆ ಗಂಡ ಕೇಳಿದಾಗ ಅವಳ ಕೈಯಲ್ಲಿದ್ದ ಸೌಟು ಜಾರಿತು. ಮಧ್ಯಾಹ್ನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅಕ್ಕನಿಗೆ ಫೋನಿನಲ್ಲಿ ಪಿಸುಗುಟ್ಟಿದ ಮಾತು ಅದು... ಒಂದಕ್ಷರವೂ ಬದಲಾಗಿರಲಿಲ್ಲ! “ನನ್ ಮಗನ ಕಣ್ಣಿಗೆ ಮಣ್ಣೆರಚೋಕೆ ಆಗಲ್ಲಮ್ಮ,” ಎಂದು ಅತ್ತೆ ನಕ್ಕರು.

ಮರುದಿನ ಅವನು ಕೆಲಸಕ್ಕೆ ಹೋದದ್ದೇ ತಡ, ಅವಳು ಮನೆಯನ್ನೆಲ್ಲ ಜಾಲಾಡಿದಳು. ಅಡುಗೆಮನೆಯ ಗಡಿಯಾರದ ಹಿಂದೆ, ಮಲಗುವ ಕೋಣೆಯ ದೀಪದೊಳಗೆ... ಅಂಗಿಯ ಗುಂಡಿಯಷ್ಟು ಪುಟ್ಟ ಕ್ಯಾಮೆರಾಗಳು! ಹೊಲಿಗೆ ಅಂಗಡಿಯಲ್ಲಿ ಕೂತು ಊರವರ ಮೈಮುಚ್ಚುವ ಬಟ್ಟೆ ಹೊಲಿಯುವವಳು ತಾನು. ತನ್ನ ಮೈ ಮುಚ್ಚಿಕೊಳ್ಳಲು ತನ್ನ ಕೋಣೆಯಲ್ಲೇ ಮರೆಯಿಲ್ಲ! ಹಿಂದೊಮ್ಮೆ ತಾನು ಹೋದಲ್ಲೆಲ್ಲ ಅವನು ಬೆನ್ನು ಹತ್ತಿದಾಗ ಠಾಣೆಗೆ ಹೋಗಿದ್ದಳು. “ಗಂಡ ತಾನೇ? ಅದಕ್ಕೆಲ್ಲ ಕಾನೂನಿಲ್ಲಮ್ಮ, ಹೊಂದ್ಕೊಂಡು ಹೋಗು,” ಎಂದು ಪೊಲೀಸರು ಸಾಗಹಾಕಿದ್ದರು. ಈಗ ಕಾನೂನು ಬಿಗಿಯಾಗಿತ್ತು. ಬೆನ್ನು ಹತ್ತುವುದು, ಕದ್ದು ನೋಡುವುದು, ಮಾಡಿದವನು ಗಂಡನೇ ಆದರೂ ಅಪರಾಧ.

ಅವಳು ಠಾಣೆಗೆ ಹೊರಟಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು. “ಮನೆ ಮಾನ ಬೀದಿಗೆ ಹಾಕ್ಬೇಡ! ಗಂಡ ಆದೋನು ಹೆಂಡ್ತೀನ ಕಾಯೋದು ತಪ್ಪಾ?”

“ಕಾಯೋದಾ?!” ಅವಳು ಮುಷ್ಟಿ ಬಿಚ್ಚಿ ಇನ್ನೊಂದು ಕ್ಯಾಮೆರಾ ತೋರಿಸಿದಳು. “ಇದು ನಿಮ್ಮ ಕೋಣೆಯ ಬೀರು ಮೇಲಿತ್ತು, ಅತ್ತೆ. ನಿಮ್ಮನ್ನ ಯಾರಿಂದ ಕಾಯ್ತಿದ್ದಾನೆ ನಿಮ್ಮ ಮಗ?”

ಬಟ್ಟೆ ಬದಲಿಸುವ ಕೋಣೆ... ತೀರಿಕೊಂಡ ಯಜಮಾನರನ್ನು ನೆನೆದು ಒಬ್ಬರೇ ಅಳುವ ಕೋಣೆ! ಅತ್ತೆಯ ಮುಖ ಬಿಳಿಚಿತು. ಚಪ್ಪಲಿ ಮೆಟ್ಟಿ ಸೊಸೆಯ ಹಿಂದೆ ಹೊರಟರು.

ಠಾಣೆಗೆ ಕರೆಸಿದಾಗ ಗಂಡ ಉರಿದುಬಿದ್ದ. “ಇವಳೇ ಇಟ್ಕೊಂಡು ನಾಟಕ ಆಡ್ತಿದ್ದಾಳೆ ಮೇಡಂ! ತಲೆ ಕೆಟ್ಟಿದೆ ಇವಳಿಗೆ. ಬೇಕಾದ್ರೆ ನಮ್ಮಮ್ಮನ್ನ ಕೇಳಿ!”

ಅಧಿಕಾರಿಣಿ ಮುದುಕಿಯತ್ತ ತಿರುಗಿದರು. ಅತ್ತೆ ಮೇಜು ಹಿಡಿದುಕೊಂಡರು.

“ಇಟ್ಟಿದ್ದು ನನ್ನ ಮಗನೇ. ಅಡುಗೆಮನೇಲಿ ಅವನು ಸ್ಟೂಲ್ ಹತ್ತಿದಾಗ ಕೆಳಗೆ ಹಿಡ್ಕೊಂಡಿದ್ದೋಳು ನಾನು... ಸೊಸೆಗೆ ತಾನೇ ಅಂದ್ಕೊಂಡೆ. ನನ್ನ ಹೆಸರೂ ಬರ್ಕೊಳ್ಳಿ!”

“ಅಮ್ಮಾ!” ಎಂದು ಅವನು ಅರಚಿದ. ಹೆತ್ತವಳು ಅತ್ತ ನೋಡಲಿಲ್ಲ.

ಹೊರಗೆ ಬಂದಾಗ ಅತ್ತೆ ಬಿಕ್ಕುತ್ತ ಕೇಳಿದರು, “ನನ್ನ ಕ್ಷಮಿಸ್ತೀಯೇನೇ?”

“ಇಲ್ಲ ಅತ್ತೆ... ಇವತ್ತಂತೂ ಆಗಲ್ಲ.”

ಆದರೂ ಮೆಟ್ಟಿಲಲ್ಲಿ ಮುದುಕಿಯ ಕಾಲು ತಡವರಿಸಿದಾಗ ಅವಳು ತೋಳು ಹಿಡಿದಳು, ಕೆಳಗಿಳಿಯುವವರೆಗೂ ಬಿಡಲಿಲ್ಲ.