ಅಂಗೈಯ ಹಳದಿ

"ಕೈ ತೋರಸ್ರಿ!"

ಗೇಟಿಗೆ ಅಡ್ಡ ನಿಂತಿದ್ದ ಹೊಸ ಸೂಪರ್‌ವೈಸರ್ ಚಂದ್ರಾಮನ ದನಿಗೆ ವಿನೋದಿನಿ ಬೆಚ್ಚಿದಳು. ಚೆಂಬೂರಿನ ಆ ಬಣ್ಣದ ಕಾರ್ಖಾನೆಯಲ್ಲಿ ಪಾಳಿ ಮುಗಿದ ಮೇಲೆ ಸ್ನಾನ ಮಾಡಿ, ಅಂಗೈ ತೋರಿಸಿಯೇ ಹೊರಗೆ ಹೋಗಬೇಕು. ಮೈಗಂಟಿದ ಪುಡಿ ವಿಷ.

ಅವಳು ಕೈ ಚಾಚಿದಳು. ಮೊಣಕೈವರೆಗೂ ಹಳದಿ!

"ಇವತ್ತೂ ಜಳಕ ಇಲ್ಲ?"

"ಮನೆಗೆ ಹೋಗಿ ಮಾಡ್ತೇನೆ."

"ದಿನಾ ಇದೇ ಮಾತು! ನೀರಂದ್ರ ಅಷ್ಟು ಅಂಜಿಕಿ ಏನ್ರಿ ನಿಮಗ?"

ಹಿಂದಿನ ಸಾಲಿನಲ್ಲಿ ಗಂಡಸರು ಕಿಸಕ್ಕನೆ ನಕ್ಕರು.

ಸೀರೆಯೊಳಗೆ, ಪೋಲಿಯೋ ತಿಂದ ಎಡಗಾಲಿಗೆ ಕಟ್ಟಿದ ಕಬ್ಬಿಣದ ಪಟ್ಟಿ ಕಿರುಗುಟ್ಟಿತು. ಅದನ್ನು ನೆನೆಸುವಂತಿಲ್ಲ, ಬಿಚ್ಚಿದರೆ ನಿಲ್ಲುವಂತಿಲ್ಲ. ಬಚ್ಚಲಲ್ಲೋ, ಜಾರುವ ಕಲ್ಲಿನ ಮೇಲೆ ನಿಂತೇ ಮೀಯಬೇಕು. ಇಷ್ಟು ದಿನ ಹೆಗಲು ಕೊಡುತ್ತಿದ್ದ ಮಲ್ಲಕ್ಕ ಈಗ ಬೆಳಗಿನ ಪಾಳಿಗೆ ಹೋಗಿದ್ದಳು.

ಇದನ್ನೆಲ್ಲ ಈ ಒರಟನಿಗೆ ಹೇಳುವುದೇ? ಇಷ್ಟು ಗಂಡಸರ ಎದುರು? ಸತ್ತರೂ ಹೇಳುವುದಿಲ್ಲ...

"ಇವತ್ತೊಂದಿನ ಬಿಡ್ತೀನಿ. ಸೋಮವಾರಾನೂ ಹಿಂಗ ಬಂದ್ರ ಕೆಲಸ ಇರೂದಿಲ್ಲ!"

ಹಾಸಿಗೆ ಹಿಡಿದ ಅಪ್ಪನ ಮುಖ ಕಣ್ಣ ಮುಂದೆ ಬಂತು. ತುಟಿ ಕಚ್ಚಿಕೊಂಡು ಹೊರಬಿದ್ದಳು.

ಸೋಮವಾರ ಕೆಲಸಕ್ಕೆ ಬಂದರೆ ಹೆಂಗಸರ ಬಚ್ಚಲಿಗೆ ಬೀಗ! ನಿನ್ನೆ ರಜೆಯ ದಿನ ಚಂದ್ರಾಮ ಅಲ್ಲಿ ಜಾರಿ ಬಿದ್ದನೆಂದು ವಾಚ್‌ಮನ್ ನಗುತ್ತಿದ್ದ. ಅವನ ಹಣೆಯಲ್ಲಿ ದಪ್ಪ ಬುಗುಟೆ.

ವಿನೋದಿನಿ ನೇರ ಅವನೆದುರು ಹೋಗಿ ನಿಂತಳು.

"ಬೀಗ ಹಾಕಿ ನನ್ನನ್ನು ಓಡಿಸುವ ಉಪಾಯವಾ ಮಾರಾಯ್ರೆ? ಬಿದ್ದಿರಂತಲ್ಲ... ಒಳ್ಳೇದಾಯ್ತು!"

"ಬಾಯಿ ಭಾಳ ಆತು ನಿಮ್ದು! ಸಂಜೀಕ ತೆಗೀತೀನಿ. ಮೊದಲ ನೀವ ಹೋಗ್ರಿ. ಇಲ್ಲಂದ್ರ ಗೇಟ್ ದಾಟಂಗಿಲ್ಲ!"

ಸಂಜೆ ಬಾಗಿಲು ತಳ್ಳಿದವಳು ಹಾಗೇ ನಿಂತಳು.

ಎತ್ತರದ ಮೆಟ್ಟಿಲಿನ ಜಾಗದಲ್ಲಿ ಇಳಿಜಾರು. ಗೋಡೆಗೆ ಆತು ಕೂರಲು ಸಿಮೆಂಟಿನ ಕಟ್ಟೆ. ಹಿಡಿಯಲು ಪೈಪು. ಕೂತಲ್ಲೇ ಕೈಗೆಟಕುವ ನಲ್ಲಿ. ನೀರು ಸಿಡಿಯದ ಮೂಲೆಯಲ್ಲಿ ಒಂದು ಗೂಟ... ಕಾಲಿನ ಪಟ್ಟಿ ತೂಗಿಹಾಕಲು!

ಮನೆಗೆ ಹೋಗದೆ ಕಾದಿದ್ದ ಮಲ್ಲಕ್ಕ ಹಿಂದಿನಿಂದ ಹೇಳಿದಳು: "ನಾನ ಹೇಳಿದ್ನೆವ್ವಾ ಅವಂಗ. ಮಾರಿ ಸಣ್ಣದಾತು. ಸಾಹೇಬ್ರು ಬ್ಯಾಡ ಅಂದ್ರೂ ಕೇಳಲಿಲ್ಲ, ನಿನ್ನೆ ತಾನ ಕಟ್ಟಿ, ಒಣಗಲಿ ಅಂತ ಬೀಗ ಹಾಕ್ಯಾನ. ಎಲ್ಲಿ ಏನ್ ಬೇಕಂತ ನೋಡಾಕ ಒಂದು ಕಾಲ ಮಡಚಿ ಟಾವೆಲ್ಲಿಂದ ಕಟ್ಕೊಂಡು ನಿಂತಾನ. ದಬ್ ಅಂತ ಬಿದ್ದಾನ!"

ಅಂದು ಯಾರ ಹೆಗಲೂ ಹಿಡಿಯದೆ ಮಿಂದಳು ವಿನೋದಿನಿ. ಹಳದಿ ನೀರಿನ ಜೊತೆ ಕಣ್ಣೀರೂ ಹರಿಯಿತು.

"ಕೈ ತೋರಸ್ರಿ."

ತೋರಿಸಿದಳು.

"ಹೋಗ್ರಿ."

ಅವಳು ಕದಲಲಿಲ್ಲ. "ನನ್ನ ಕಾಲಿನ ವಿಷಯ ನನ್ನನ್ನೇ ಕೇಳಬಾರದಿತ್ತಾ?"

"ಕೇಳಿದ್ರ ಹೇಳತಿದ್ರೇನು?"

"...ಇಲ್ಲ."

"ಅಂಜಿಕಿ ಅಂತ ಎಲ್ಲರ ಮುಂದ ಅಂದೆ. ತಪ್ಪಾತ್ರಿ."

"ಈಗ ನಿಮ್ಮ ಕೈ ತೋರಿಸಿ."

ಅವನು ಬೆನ್ನ ಹಿಂದೆ ಸರಿಸಿದ.

"ತೋರಿಸಿ ಅಂದೆ!"

ಸಿಮೆಂಟ್ ಸುಟ್ಟ ಅಂಗೈಗಳು. ಚರ್ಮ ಸುಲಿದು ಕೆಂಪಾಗಿತ್ತು.

"ಕೆಟ್ಟ ಮನುಷ್ಯ ನೀವು," ಎಂದಳು.

"ಹೌದ್ರಿ. ಆದ್ರ ನೀವು ಗೇಟ್ ದಾಟಿದ ಮ್ಯಾಲ ಈ ಕಾರ್ಖಾನಿ ಬರೇ ಖಾಲಿ ಕಾಣ್ತೈತಿ ನನಗ."

ಅವಳು ತಲೆ ತಗ್ಗಿಸಿದಳು. "ನಾಳೆ ತೆಂಗಿನೆಣ್ಣೆ ತರ್ತೇನೆ."

"ನೀವ ಹಚ್ಚತೀರೇನು? ಇಷ್ಟು ಮಂದಿ ಮುಂದ?"

"ಹಚ್ತೇನೆ. ನಗುವವರು ನಗಲಿ!"